ಆರ್ಟ್ ಗ್ಯಾಲರಿ ಕಟ್ಟುವ ಮೊದಲು ಬೆಂಗಳೂರಿನ ಈ ಎರಡು ಮ್ಯೂಸಿಯಂ ನೋಡಿ ಬನ್ನಿ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವರಿಗೆ, ಅಧಿಕಾರಿಗಳಿಗೆ, ಹಾಗೇ ನಕ್ಷೆ ಬರೆಯುವ ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ದಾವಣಗೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಜಿಲ್ಲೆಗೊಂದು ಆರ್ಟ್ ಗ್ಯಾಲರಿ ಬೇಕು ಅಂತ ನಮ್ಮಂಥವರು ಕೇಳುತ್ತಲೇ ಬಂದಿದ್ದೇವೆ. ನಾಟಕಕ್ಕೆ ರಂಗಮಂದಿರ ಇದೆ, ಆಟಕ್ಕೆ ಕ್ರೀಡಾಂಗಣ ಇದೆ, ಓದೋಕೆ ಗ್ರಂಥಾಲಯ ಇದೆ. ಚಿತ್ರ ನೋಡಬೇಕು ಅಂದರೆ ಮಾತ್ರ ಎಷ್ಟೋ ಊರಿನವರು ಬೆಂಗಳೂರಿನ ಬಸ್ಸು ಹತ್ತಬೇಕು. ನಮ್ಮ ದಾವಣಗೆರೆಯಲ್ಲಿ 1964ರಿಂದ ಚಿತ್ರಕಲಾ ಕಾಲೇಜು ಇದೆ. ಅಲ್ಲಿ ಕಲಿತವರೂ ಹೆಸರು ಮಾಡಬೇಕು ಅಂದರೆ ಅದೇ ಬಸ್ಸು.

ಇವತ್ತು ಪತ್ರ ಬರೆಯುತ್ತಿರುವುದು ಗ್ಯಾಲರಿ ಕೊಡಿ ಅಂತ ಕೇಳೋಕೆ ಅಲ್ಲ. ನೀವು ಒಂದು ದಿನ ನಿಜವಾಗಿಯೂ ಒಪ್ಪಿಬಿಟ್ಟರೆ ಏನಾಗುತ್ತೆ ಅನ್ನುವ ಭಯದಿಂದ. ಫೈಲು ಓಡುತ್ತದೆ, ಊರ ಹೊರಗೆ ಎರಡು ಎಕರೆ ಸಿಗುತ್ತದೆ, ಟೆಂಡರ್ ಕರೆಯುತ್ತಾರೆ. ಮುಂದೆ ಗಾಜು, ಮೇಲೊಂದು ಗುಮ್ಮಟ, ಬಾಗಿಲಲ್ಲಿ ಶಂಕುಸ್ಥಾಪನೆಯ ಕಲ್ಲು. ಉದ್ಘಾಟನೆಯ ದಿನ ಗೋಡೆಗೆ ಏನು ಹಾಕಬೇಕು ಅಂತ ಯಾರೂ ಯೋಚಿಸಿರುವುದಿಲ್ಲ. ಇಂಥ ಕಟ್ಟಡಗಳನ್ನು ನಾವೆಲ್ಲ ಬೇರೆ ಬೇರೆ ಹೆಸರಿನಲ್ಲಿ ನೋಡಿದ್ದೇವೆ, ಅಲ್ವಾ?

ಹಾಗಾಗಿ ಒಂದು ವಿನಂತಿ. ನಕ್ಷೆಗೆ ಕೈ ಹಾಕುವ ಮೊದಲು ಬೆಂಗಳೂರಿನ ಎರಡು ಮ್ಯೂಸಿಯಂ ನೋಡಿ. ಒಂದು, ಪ್ಯಾಲೇಸ್ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಎಲ್ಲರ ಬಾಯಲ್ಲಿ ಎನ್‌ಜಿಎಂಎ. ಇನ್ನೊಂದು, ಕಸ್ತೂರ್ಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ, ಅಂದರೆ ಮ್ಯಾಪ್. ಒಂದು ಕೇಂದ್ರ ಸರ್ಕಾರದ್ದು, ಇನ್ನೊಂದು ಖಾಸಗಿ. ಒಂದು 2009ರ ಫೆಬ್ರವರಿ 18ರಂದು ತೆರೆಯಿತು, ಇನ್ನೊಂದು 2023ರ ಫೆಬ್ರವರಿ 18ರಂದು. ತಾರೀಖು ಒಂದೇ ಆದದ್ದು ಕಾಕತಾಳೀಯ. ಬೇರೆ ಯಾವುದರಲ್ಲೂ ಇವು ಒಂದರ ಹಾಗೆ ಇನ್ನೊಂದಿಲ್ಲ.

ಮೊದಲು ಎನ್‌ಜಿಎಂಎ. ಇದು ಮ್ಯೂಸಿಯಂ ಆಗಲೆಂದು ಕಟ್ಟಿದ ಕಟ್ಟಡ ಅಲ್ಲ. ಗಣಿ ವ್ಯವಹಾರದಲ್ಲಿ ದುಡ್ಡು ಮಾಡಿದ ಮಾಣಿಕ್ಯವೇಲು ಮೊದಲಿಯಾರ್ ಅವರ ಬಂಗಲೆ. ಮುಂದೆ ಸರ್ಕಾರದ ಕೈಗೆ ಬಂದು, 2000ದ ಹೊತ್ತಿಗೆ ಕೇಂದ್ರದ ಸಂಸ್ಕೃತಿ ಸಚಿವಾಲಯಕ್ಕೆ ಸೇರಿತು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ತಂಡ ಹಳೆ ಮನೆಯನ್ನು ರಿಪೇರಿ ಮಾಡಿ, ಪಕ್ಕದಲ್ಲಿ ಸುಮಾರು 1,260 ಚದರ ಮೀಟರಿನ ಹೊಸ ಗ್ಯಾಲರಿ ಸೇರಿಸಿತು. ಆವರಣ ಸುಮಾರು ಮೂರೂವರೆ ಎಕರೆ. ಹೊಸ ಕಟ್ಟಡ ಹಳೆಯದರ ವೇಷ ಹಾಕಿಲ್ಲ. ಕಂಬ, ಕಮಾನುಗಳನ್ನು ನಕಲು ಮಾಡಿಲ್ಲ. ತಾನು ಹೊಸದು ಅಂತ ಸಲೀಸಾಗಿ ಒಪ್ಪಿಕೊಂಡು, ಮರಗಳನ್ನು ಉಳಿಸಿಕೊಂಡು, ಸ್ವಲ್ಪ ಹಿಂದೆ ಸರಿದು ನಿಂತಿದೆ.

ಅಲ್ಲಿ ನನಗೆ ತುಂಬ ಇಷ್ಟವಾಗುವುದು ಚಿತ್ರಗಳ ನಡುವಿನ ಬಿಡುವು. ಬಂಗಲೆಯ ಕೋಣೆಗಳು ಮನುಷ್ಯರು ವಾಸ ಮಾಡಲೆಂದು ಕಟ್ಟಿದ ಅಳತೆಯವು. ಒಂದು ಕೋಣೆಯಲ್ಲಿ ಒಂದಿಷ್ಟು ಚಿತ್ರ, ಆಮೇಲೆ ಬಾಗಿಲು, ಆಮೇಲೆ ಇನ್ನೊಂದು ಕೋಣೆ. ಕಣ್ಣಿಗೆ ಒಂದೇ ಸಲ ಎಲ್ಲ ಬೀಳುವುದಿಲ್ಲ. ಹೊಸ ವಿಭಾಗಕ್ಕೆ ದಾಟುವಾಗ ಬೆಳಕು ಬದಲಾಗುತ್ತದೆ, ಮರ ಕಾಣುತ್ತದೆ. ಹೊರಗೆ ಬಂದರೆ ನೀರು, ನೆರಳು, ಕೂರೋಕೆ ಜಾಗ. ಜಾಮಿನಿ ರಾಯ್ ಅಥವಾ ಅಮೃತಾ ಶೇರ್-ಗಿಲ್ ಅವರ ಚಿತ್ರ ನೋಡಿದ ಮೇಲೆ ಮನಸ್ಸಿಗೆ ಸ್ವಲ್ಪ ಹೊತ್ತು ಏನೂ ಬೇಡ ಅನಿಸುತ್ತದಲ್ಲ, ಆ ಹೊತ್ತಿಗೆ ಅಲ್ಲಿ ಜಾಗ ಇದೆ. ಟಿಕೆಟ್ 20 ರೂಪಾಯಿ. ಮಧ್ಯಾಹ್ನವೆಲ್ಲ ಅಲ್ಲೇ ಇದ್ದರೂ ಯಾರೂ ಏಳಿ ಅನ್ನುವುದಿಲ್ಲ.

ಬೋಸ್ಟನ್ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್ಮನ್ ಅನ್ನುವವರು 1916ರಲ್ಲಿ ಒಂದು ಲೇಖನ ಬರೆದರು. ಮ್ಯೂಸಿಯಂಗೆ ಬಂದವರು ಯಾಕೆ ಬೇಗ ಸುಸ್ತಾಗುತ್ತಾರೆ ಅನ್ನುವುದು ಅದರ ವಿಷಯ. ಅವರು ಒಬ್ಬ ವ್ಯಕ್ತಿಯನ್ನು ಕರೆದು, ಪೆಟ್ಟಿಗೆಯೊಳಗಿನ ವಸ್ತುಗಳನ್ನು ನೋಡಿ, ಪಕ್ಕದ ವಿವರದ ಚೀಟಿ ಓದಿ ಅಂತ ಹೇಳಿ ಫೋಟೊ ತೆಗೆಸಿದರು. ಫೋಟೊದಲ್ಲಿ ಆ ಮನುಷ್ಯ ಬಗ್ಗಿದ್ದಾರೆ, ಕುಕ್ಕರುಗಾಲಲ್ಲಿ ಕೂತಿದ್ದಾರೆ, ಕತ್ತು ಚಾಚಿದ್ದಾರೆ. ದಣಿವಿಗೆ ಕಾರಣ ಕಲೆ ಅಲ್ಲ, ಅದನ್ನು ಇಟ್ಟಿರುವ ರೀತಿ ಅಂತ ಅವರು ತೋರಿಸಿದರು. ನೂರು ವರ್ಷ ದಾಟಿದರೂ ಎಷ್ಟೋ ಮ್ಯೂಸಿಯಂಗಳಲ್ಲಿ ನನ್ನ ಎಂಟನೇ ಕ್ಲಾಸಿನ ಮಕ್ಕಳು ಇನ್ನೂ ಅದೇ ಭಂಗಿಗಳಲ್ಲಿ ನಿಲ್ಲುತ್ತಾರೆ. ದಯವಿಟ್ಟು ಚೀಟಿಯ ಅಕ್ಷರ ದೊಡ್ಡದು ಮಾಡಿ. ಪ್ರತಿ ಕೋಣೆಯಲ್ಲೂ ಒಂದು ಬೆಂಚು ಇಡಿ. ಇಷ್ಟಕ್ಕೆ ಟೆಂಡರ್ ಬೇಕಾಗಿಲ್ಲ.

ಹಳೆ ಮನೆಗೆ ಅದರದ್ದೇ ತೊಂದರೆಗಳೂ ಇವೆ. ಬಾಗಿಲಿಗಿಂತ ದೊಡ್ಡ ಕ್ಯಾನ್ವಾಸು ಒಳಗೆ ಹೋಗುವುದಿಲ್ಲ. ಇವತ್ತಿನ ಕಲಾವಿದರು ಮಾಡುವ ಟನ್‌ಗಟ್ಟಲೆ ತೂಕದ ಶಿಲ್ಪವನ್ನು ಮರದ ಅಟ್ಟ ಹೊರುವುದಿಲ್ಲ. ಕಿಟಕಿಯಿಂದ ಬಿಸಿಲು, ಗೋಡೆಯಿಂದ ತೇವ ಬರುತ್ತದೆ. ಎನ್‌ಜಿಎಂಎಗೆ ಹೊಸ ವಿಭಾಗ ಬೇಕಾದದ್ದು ಸುಮ್ನೆ ಅಲ್ಲ. ಇನ್ನೊಂದು ವಿಷಯ ಗೇಟಿನದ್ದು. ಬಂಗಲೆ ರಸ್ತೆಯಿಂದ ದೂರ, ಮರಗಳ ಹಿಂದೆ ಇದೆ. ಒಳಗೆ ಹೋದವರಿಗೆ ಅದೇ ಸುಖ. ಆದರೆ ರಸ್ತೆಯಲ್ಲಿ ಹೋಗುವವರಿಗೆ ಅದು ಯಾರೋ ದೊಡ್ಡವರ ಮನೆ. ಇದು ಸಾರ್ವಜನಿಕರ ಜಾಗ, ನಾವೂ ಹೋಗಬಹುದು ಅಂತ ಆ ಕಾಂಪೌಂಡು ತಾನಾಗಿ ಹೇಳುವುದಿಲ್ಲ.

ಇನ್ನು ಮ್ಯಾಪ್. ಕಸ್ತೂರ್ಬಾ ರಸ್ತೆ ನಿಮಗೆ ಗೊತ್ತಿರುವುದೇ. ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಆರ್ಟ್ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ ಎಲ್ಲ ಸಾಲಾಗಿವೆ. ಅದೇ ರಸ್ತೆಯಲ್ಲಿ ಸ್ಟೀಲ್ ಹೊದ್ದ ಐದು ಮಹಡಿಯ ಡಬ್ಬ ಇದು. ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯ ವಿನ್ಯಾಸ. ಹಳೇ ಸೆಂಟ್ರಲ್ ಜೈಲನ್ನು ಫ್ರೀಡಂ ಪಾರ್ಕ್ ಮಾಡಿದವರೂ ಇವರೇ. ಹೊರಗಿನ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳ ಮೇಲೆ ಗುಣಿಸುವ ಚಿಹ್ನೆಯ ಹಾಗೆ ಉಬ್ಬು ಗೆರೆಗಳಿವೆ. ಹಳೆ ರೈಲ್ವೆ ಸ್ಟೇಷನ್ನು, ಫ್ಯಾಕ್ಟರಿಗಳಲ್ಲಿ ಎತ್ತರದ ಮೇಲೆ ಕೂತಿರುತ್ತವಲ್ಲ, ತಗಡಿನ ಚೌಕಗಳನ್ನು ಜೋಡಿಸಿ ಮಾಡಿದ ನೀರಿನ ಟ್ಯಾಂಕು, ಅದರಿಂದ ಬಂದ ರೂಪ. ಈ ಸಂಗತಿ ಗೊತ್ತಾದ ಮೇಲೆ ನನಗೆ ಆ ಕಟ್ಟಡದ ಮೇಲೆ ಪ್ರೀತಿ ಬಂತು. ಅದಕ್ಕೆ ಮೊದಲು ಬಂದಿರಲಿಲ್ಲ. ನಮ್ಮ ಹುಡುಗನೊಬ್ಬ ಅದನ್ನು ನೋಡಿ "ಸಾರ್, ಇದು ಐಟಿ ಕಂಪನಿನಾ?" ಅಂತ ಕೇಳಿದ. ಅವನ ತಪ್ಪೇನಿಲ್ಲ.

ಸುಮಾರು 44,000 ಚದರ ಅಡಿಯನ್ನು ಚಿಕ್ಕ ನಿವೇಶನದಲ್ಲಿ ಕೂರಿಸಬೇಕು. ಹಾಗಾಗಿ ಎಲ್ಲವೂ ಮೇಲಕ್ಕೆ ಹೋಗಿದೆ. ಗ್ಯಾಲರಿ, ಗ್ರಂಥಾಲಯ, ಸಭಾಂಗಣ, ಚಿತ್ರಗಳನ್ನು ಕಾಪಾಡುವ ಲ್ಯಾಬ್, ತುದಿಯಲ್ಲಿ ರೆಸ್ಟೋರೆಂಟ್. ನೆಲಮಹಡಿಯಲ್ಲಿ ಶಿಲ್ಪದ ಅಂಗಳ ಒಂದಿದೆ. ಮಿಕ್ಕಂತೆ ಇದು ಲಿಫ್ಟಿನ ಮ್ಯೂಸಿಯಂ. ಒಂದು ಮಹಡಿಯ ಪ್ರದರ್ಶನ ಮುಗಿಸಿ ಗುಂಡಿ ಒತ್ತುತ್ತೀರಿ, ಬಾಗಿಲು ತೆರೆದಾಗ ಬೇರೆಯದೇ ಲೋಕ. ಎನ್‌ಜಿಎಂಎಯಲ್ಲಿ ದಾರಿ ತಪ್ಪಬಹುದು, ಇಲ್ಲಿ ತಪ್ಪುವ ಹಾಗಿಲ್ಲ. ದಾರಿ ತಪ್ಪಿ ಸಿಕ್ಕ ಚಿತ್ರವೇ ಮನಸ್ಸಿನಲ್ಲಿ ಜಾಸ್ತಿ ದಿನ ಉಳಿಯುತ್ತದೆ ಅನ್ನುವುದು ನನ್ನ ಅನುಭವ. ಆದರೆ ನಲವತ್ತು ಮಕ್ಕಳನ್ನು ಕರೆದುಕೊಂಡು ಹೋದ ಮೇಷ್ಟ್ರಿಗೆ ದಾರಿ ತಪ್ಪದ ಕಟ್ಟಡವೇ ದೇವರು.

ಡಬ್ಬಕ್ಕೆ ಕಿಟಕಿ ಯಾಕೆ ಕಡಿಮೆ ಅಂತ ಎಂಜಿನಿಯರುಗಳು ಕೇಳಬಹುದು. ಕಾರಣ ಬೆಳಕು. ಬೆಳಕನ್ನು ಅಳೆಯುವುದು ಲಕ್ಸ್ ಅನ್ನುವ ಮಾನದಲ್ಲಿ. ನಮ್ಮ ಕ್ಲಾಸ್‌ರೂಮಿಗೆ 300 ಲಕ್ಸ್ ಬೆಳಕು ಬೇಕು ಅಂತ ಲೆಕ್ಕ. ಎಣ್ಣೆಬಣ್ಣದ ಚಿತ್ರ 150ರಿಂದ 200 ಲಕ್ಸ್ ತಡೆದುಕೊಳ್ಳುತ್ತದೆ. ಹಳೆ ಫೋಟೊ, ಬಟ್ಟೆ, ಜಲವರ್ಣ, ಇವಕ್ಕೆಲ್ಲ 50 ಲಕ್ಸ್ ದಾಟಬಾರದು ಅನ್ನುವುದು ಮ್ಯೂಸಿಯಂಗಳ ಸಾಮಾನ್ಯ ನಿಯಮ. ದಾಟಿದರೆ ಬಣ್ಣ ಹೋಗುತ್ತದೆ, ಹೋದದ್ದು ವಾಪಸು ಬರುವುದಿಲ್ಲ. ಮ್ಯಾಪ್‌ನ ಸಂಗ್ರಹದಲ್ಲಿ ಫೋಟೊ, ಬಟ್ಟೆ, ಕ್ಯಾಲೆಂಡರ್ ಚಿತ್ರದಂಥ ವಸ್ತುಗಳು ತುಂಬ ಇವೆ. ಹಾಗಾಗಿ ಮುಚ್ಚಿದ ಗೋಡೆ ಅಲ್ಲಿ ಶೋಕಿ ಅಲ್ಲ, ಅಗತ್ಯ. ನೀವು ಜಿಲ್ಲೆಯಲ್ಲಿ ಕಟ್ಟುವ ಗ್ಯಾಲರಿಗೆ ಮುಂಭಾಗ ಪೂರ್ತಿ ಗಾಜು ಹಾಕಿದರೆ ಏನಾಗುತ್ತೆ ಅಂತ ಈಗ ಹೇಳಬೇಕಾಗಿಲ್ಲ. ಕಲಬುರಗಿಯ ಏಪ್ರಿಲ್ ಬಿಸಿಲಲ್ಲಂತೂ ಚಿತ್ರದ ಜೊತೆ ನೋಡುವವರೂ ಬಾಡುತ್ತಾರೆ.

ಬೆಳಕಿನ ವಿಷಯಕ್ಕೆ ನಮ್ಮಲ್ಲೇ ಒಂದು ಹಳೆಯ ಪಾಠ ಇದೆ. ಮೈಸೂರಿಗೆ ಸ್ಕೂಲ್ ಟ್ರಿಪ್ ಹೋದ ಬಹಳಷ್ಟು ಮಂದಿ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಂಕರ್ ಅವರ ದೀಪದ ಹೆಂಗಸಿನ ಚಿತ್ರ ನೋಡಿರುತ್ತಾರೆ. ಅದೊಂದು ಜಲವರ್ಣ. ಕತ್ತಲು ಮಾಡಿದ ಕೋಣೆಯಲ್ಲಿ ಅವಳ ಬೆರಳುಗಳ ಸಂದಿಯಿಂದ ದೀಪ ನಿಜವಾಗಿಯೂ ಉರಿಯುತ್ತಿದೆ ಅನಿಸುತ್ತದೆ. 1861ರ ಅರಮನೆ, 1915ರಲ್ಲಿ ಗ್ಯಾಲರಿ ಆದದ್ದು. ಯಾವ ಹೊಸ ತಂತ್ರವೂ ಇಲ್ಲ. ಒಂದು ಚಿತ್ರಕ್ಕೆ ಯಾವ ಬೆಳಕು ಬೇಕು ಅಂತ ಯಾರೋ ಒಬ್ಬರು ಯೋಚಿಸಿದರು, ಅಷ್ಟೇ. ಇಡೀ ಅರಮನೆಯಲ್ಲಿ ಜನಕ್ಕೆ ನೆನಪಿರುವುದು ಆ ಒಂದು ಕೋಣೆ.

ಮ್ಯಾಪ್‌ನಿಂದ ಕಲಿಯಬೇಕಾದದ್ದು ಸ್ಟೀಲು ಅಲ್ಲ. ಅದು ಮ್ಯೂಸಿಯಂ ಆಗಿ ಶುರುವಾದದ್ದು 2020ರ ಡಿಸೆಂಬರಿನಲ್ಲಿ, ಇಂಟರ್ನೆಟ್ಟಿನಲ್ಲಿ. ಆಗ ಕಸ್ತೂರ್ಬಾ ರಸ್ತೆಯ ಬಾಗಿಲು ತೆರೆಯೋಕೆ ಇನ್ನೂ ಎರಡು ವರ್ಷದ ಮೇಲೆ ಬಾಕಿ ಇತ್ತು. ಕೊರೊನಾ ಕಾಲದ ಅನಿವಾರ್ಯ ಅದರಲ್ಲಿ ಇತ್ತು, ನಿಜ. ಆದರೂ ಅಷ್ಟರಲ್ಲಿ ಸಂಗ್ರಹದ ಪಟ್ಟಿ ಆಗಿತ್ತು, ಅದನ್ನು ವಿವರಿಸುವ ಜನ ಇದ್ದರು, ಉಪನ್ಯಾಸ, ಮಾತುಕತೆ ನಡೆಯುತ್ತಿದ್ದವು. ಕಟ್ಟಡ ತೆರೆದ ದಿನ ಗೋಡೆ ಖಾಲಿ ಇರಲಿಲ್ಲ. ಗುಜರಾತಿನ ಜ್ಯೋತಿ ಭಟ್ ಅವರ ಫೋಟೊಗಳಿದ್ದವು, ಕಲೆಯಲ್ಲಿ ಹೆಣ್ಣನ್ನು ಹೇಗೆ ತೋರಿಸಿದ್ದಾರೆ ಅನ್ನುವ ದೊಡ್ಡ ಪ್ರದರ್ಶನ ಇತ್ತು, ನಮ್ಮ ಕೋಟೇಶ್ವರದ ಎಲ್.ಎನ್. ತಲ್ಲೂರ್ ಅವರ ಕೃತಿಗಳಿದ್ದವು. ಮೊದಲು ಮ್ಯೂಸಿಯಂ, ಆಮೇಲೆ ಕಟ್ಟಡ. ನಮ್ಮಲ್ಲಿ ಮೊದಲು ಕಟ್ಟಡ, ಆಮೇಲೆ ಒಬ್ಬ ಪ್ರಭಾರ ಅಧಿಕಾರಿ, ಆಮೇಲೆ ಬೀಗ.

ನೋಡುವವರ ಬಗ್ಗೆಯೂ ಅಲ್ಲಿ ಯೋಚನೆ ನಡೆದಿದೆ. ಗಾಲಿಕುರ್ಚಿಯಲ್ಲಿ ಬಂದವರು ಯಾರ ಹಂಗೂ ಇಲ್ಲದೆ ಮಹಡಿಗಳಿಗೆ ಹೋಗಬಹುದು. ಕಣ್ಣು ಕಾಣದವರು ಕೈಯಿಂದ ಮುಟ್ಟಿ ತಿಳಿಯುವಂತೆ ಉಬ್ಬುಚಿತ್ರಗಳನ್ನು ಮಾಡಿಸಿದ್ದಾರೆ. "ಮುಟ್ಟಬೇಡಿ" ಅನ್ನುವ ಬೋರ್ಡಿಗೇ ಹೆಸರಾದ ಜಾಗದಲ್ಲಿ "ಮುಟ್ಟಿ ನೋಡಿ" ಅನ್ನುವುದು ಸಣ್ಣ ವಿಷಯ ಅಲ್ಲ. ಚಿತ್ರಕಾರ ಎಂ.ಎಫ್. ಹುಸೇನ್ ಅವರ ಡಿಜಿಟಲ್ ರೂಪದ ಜೊತೆ ಮಾತಾಡುವ ಏರ್ಪಾಡು ಮಾಡಿದ್ದೂ ಇದೇ ಮ್ಯೂಸಿಯಂ. ಮಕ್ಕಳಿಗೆ ಅಂಥದ್ದು ಖುಷಿ. ನನಗೆ ಅಷ್ಟೇನೂ ರುಚಿಸಲಿಲ್ಲ. ಹುಸೇನ್ ಅವರ ಒಂದು ಗೆರೆಯ ಎದುರು ಸುಮ್ನೆ ನಿಂತರೆ ಅವರು ಅದಕ್ಕಿಂತ ಜಾಸ್ತಿ ಮಾತಾಡುತ್ತಾರೆ.

ಒಟ್ಟಿನಲ್ಲಿ ನನ್ನ ತೀರ್ಪು ಕೇಳಿದರೆ, ಚಿತ್ರ ನೋಡೋಕೆ ಮ್ಯಾಪ್, ಚಿತ್ರದ ಜೊತೆ ಇರೋಕೆ ಎನ್‌ಜಿಎಂಎ. ಒಂದನ್ನೇ ಆರಿಸು ಅಂದರೆ ನಾನು ಮರ ಇರುವ ಕಡೆ ಹೋಗುತ್ತೇನೆ. ಮ್ಯಾಪ್ ಕೆಲಸದಲ್ಲಿ ಚುರುಕು, ಅಚ್ಚುಕಟ್ಟು. ಆದರೆ ಅಲ್ಲಿಂದ ಬೇಗ ಹೊರಗೆ ಬಂದುಬಿಡುತ್ತೇನೆ. ನೋಡುವುದು ಮುಗಿದ ಮೇಲೆ ಅಲ್ಲಿ ಮಾಡುವುದಕ್ಕೆ ಇರುವುದು ಕಾಫಿ ಕುಡಿಯುವುದು, ಅಂಗಡಿ ನೋಡುವುದು. ಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದ ಮಕ್ಕಳಿಗೆ ಅವೆರಡೂ ಅಲ್ಲ, ನೆರಳು ಬೇಕು.

ಖಾಸಗಿ, ಸರ್ಕಾರಿ ಅನ್ನುವ ಪ್ರಶ್ನೆಯನ್ನೂ ಮುಟ್ಟಲೇಬೇಕು. ವೆಂಕಟಪ್ಪ ಆರ್ಟ್ ಗ್ಯಾಲರಿ ನಿಮ್ಮ ಸರ್ಕಾರದ್ದೇ, 1975ರಲ್ಲಿ ತೆರೆದದ್ದು. ಮೈಸೂರು ಆಸ್ಥಾನದ ಕಲಾವಿದ, ಅವನೀಂದ್ರನಾಥ ಟ್ಯಾಗೋರರ ಶಿಷ್ಯ ಕೆ. ವೆಂಕಟಪ್ಪ ಅವರ ಊಟಿ, ಕೊಡೈಕೆನಾಲ್‌ನ ಜಲವರ್ಣಗಳು ಅಲ್ಲಿವೆ. ಕೆ.ಕೆ. ಹೆಬ್ಬಾರರ ಚಿತ್ರಗಳೂ ಇವೆ. 2015ರಲ್ಲಿ ಸರ್ಕಾರ ಅದನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಒಪ್ಪಂದ ಮಾಡಿಕೊಂಡಾಗ ಕಲಾವಿದರು ಬೀದಿಗೆ ಬಂದರು. ಹೆಸರಿಲ್ಲದ, ದುಡ್ಡಿಲ್ಲದ ಹುಡುಗರೂ ಕಡಿಮೆ ಬಾಡಿಗೆ ಕೊಟ್ಟು ಪ್ರದರ್ಶನ ಮಾಡಬಹುದಾದ ಜಾಗ ಅದು. ಅದು ಕೈ ತಪ್ಪುತ್ತೆ ಅನ್ನುವ ಸಂಕಟ ಅವರದ್ದು. ಕೊನೆಗೆ ಒಪ್ಪಂದ ಬಿದ್ದುಹೋಯಿತು. ಆ ಪ್ರತಿಷ್ಠಾನದ ಅಭಿಷೇಕ್ ಪೊದ್ದಾರ್ ಅವರೇ ಮುಂದೆ ಅದೇ ರಸ್ತೆಯಲ್ಲಿ ಬೇರೆ ಜಾಗದಲ್ಲಿ ಮ್ಯಾಪ್ ತೆರೆದರು. ನನಗನಿಸುತ್ತದೆ, ಎರಡೂ ಕಡೆಯವರಿಗೆ ಇದರಿಂದ ಒಳ್ಳೆಯದೇ ಆಯಿತು. ಖಾಸಗಿಯವರು ತಮ್ಮ ದುಡ್ಡಿನಲ್ಲಿ ತಮ್ಮ ಮನಸ್ಸಿನ ಮ್ಯೂಸಿಯಂ ಕಟ್ಟಲಿ. ಸರ್ಕಾರದ ಗ್ಯಾಲರಿ ಮಾತ್ರ ಯಾರನ್ನೂ ಕೇಳದೆ ಒಳಗೆ ಹೋಗಬಹುದಾದ ಜಾಗವಾಗಿಯೇ ಇರಲಿ. ಹೊಸ ಗ್ಯಾಲರಿ ನಡೆಸಲು ಯಾರಿಗೋ ವಹಿಸಿಬಿಟ್ಟು ಕೈ ತೊಳೆದುಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಈಗಲೇ ಬಿಡಿ.

ಹಾಗಾದರೆ ಏನು ಮಾಡಬೇಕು? ಹೊಸದು ಕಟ್ಟಬೇಡಿ. ಹಳೆಯದು ಹುಡುಕಿ. ಎನ್‌ಜಿಎಂಎ ಮೂರು ಊರಿನಲ್ಲಿದೆ. ದೆಹಲಿಯಲ್ಲಿ 1954ರಲ್ಲಿ ಜೈಪುರ ಮಹಾರಾಜರ ಮನೆಯಲ್ಲಿ ಶುರುವಾಯಿತು. ಮುಂಬೈಯಲ್ಲಿ 1996ರಲ್ಲಿ ಕಾವಸ್‌ಜಿ ಜಹಾಂಗೀರ್ ಸಭಾಂಗಣದೊಳಗೆ ತೆರೆಯಿತು. ಬೆಂಗಳೂರಿನಲ್ಲಿ ಬಂಗಲೆ. ಮೂರೂ ಕಡೆ ಇದ್ದ ಕಟ್ಟಡವನ್ನೇ ಬಳಸಿಕೊಂಡರು. ಲಂಡನ್ನಿನ ಟೇಟ್ ಮಾಡರ್ನ್ 1981ರಲ್ಲಿ ಮುಚ್ಚಿದ್ದ ವಿದ್ಯುತ್ ಸ್ಥಾವರ, 2000ದಲ್ಲಿ ಮ್ಯೂಸಿಯಂ ಆಯಿತು. ಯಂತ್ರಗಳಿದ್ದ ದೊಡ್ಡ ಹಾಲನ್ನು ವಾಸ್ತುಶಿಲ್ಪಿಗಳು ತುಂಬಿಸದೆ ಖಾಲಿ ಬಿಟ್ಟರು. ಜನ ಅಲ್ಲಿ ನೆಲದ ಮೇಲೆ ಮಲಗುತ್ತಾರೆ, ಮಕ್ಕಳು ಓಡುತ್ತಾರೆ, ಟಿಕೆಟ್ ಇಲ್ಲ. ನಮ್ಮಲ್ಲಿ ಹಳೆ ಕಟ್ಟಡಗಳಿಗೆ ಬರವೇ? ದಾವಣಗೆರೆ ಹತ್ತಿ ಗಿರಣಿಗಳ ಊರು. ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಗಿರಣಿಯ ಎತ್ತರದ ಸೂರಿನ ಕೆಳಗೆ ಎಷ್ಟು ದೊಡ್ಡ ಕ್ಯಾನ್ವಾಸು ಬೇಕಾದರೂ ನಿಲ್ಲುತ್ತದೆ. ಬೇರೆ ಜಿಲ್ಲೆಗಳಲ್ಲಿ ಹಳೆ ಕಚೇರಿ, ಹಳೆ ಪ್ರವಾಸಿ ಮಂದಿರ, ಮಕ್ಕಳಿಲ್ಲದೆ ಮುಚ್ಚಿದ ಶಾಲೆ ಇರುತ್ತವೆ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವ ದೂರದಲ್ಲಿ ಇರಬೇಕು. ಊರ ಹೊರಗಿನ ಎರಡು ಎಕರೆ ಬೇಡವೇ ಬೇಡ.

ಉಳಿದ ದುಡ್ಡನ್ನು ಜನರ ಮೇಲೆ ಹಾಕಿ. ಚಿತ್ರಕಲೆ ಓದಿದವರನ್ನೇ ಗ್ಯಾಲರಿ ನೋಡಿಕೊಳ್ಳಲು ಖಾಯಂ ಆಗಿ ನೇಮಿಸಿ. ಒಂದು ಕೋಣೆಗಾದರೂ ಬೆಳಕು, ತೇವ ಎರಡನ್ನೂ ಹಿಡಿತದಲ್ಲಿಡುವ ವ್ಯವಸ್ಥೆ ಮಾಡಿ. ಆಗ ಎನ್‌ಜಿಎಂಎ ಅಥವಾ ವೆಂಕಟಪ್ಪ ಗ್ಯಾಲರಿಯಿಂದ ಚಿತ್ರ ಎರವಲು ಕೇಳುವ ಮುಖ ನಮಗಿರುತ್ತದೆ. ಅಂಥ ಕೋಣೆ ಇಲ್ಲದ ಊರಿಗೆ ವೆಂಕಟಪ್ಪನವರ ಜಲವರ್ಣವನ್ನು ಯಾರೂ ಕಳಿಸುವುದಿಲ್ಲ, ಕಳಿಸಲೂಬಾರದು. ಚೀಟಿಗಳು ಮೊದಲು ಕನ್ನಡದಲ್ಲಿರಲಿ, ನನ್ನ ಎಂಟನೇ ಕ್ಲಾಸಿನವರಿಗೆ ಅರ್ಥವಾಗುವ ಕನ್ನಡದಲ್ಲಿ. ಗೇಟಿನಲ್ಲಿ ನಿಲ್ಲುವವರಿಗೆ "ಬನ್ನಿ, ಒಳಗೆ ಬನ್ನಿ" ಅನ್ನುವುದನ್ನು ಕೆಲಸದ ಭಾಗವಾಗಿ ಹೇಳಿಕೊಡಿ. ಬೇರೆ ಬೇರೆ ಊರುಗಳ ಮ್ಯೂಸಿಯಂ ಬಾಗಿಲಲ್ಲಿ ನಮ್ಮ ಮಕ್ಕಳು ಮೊದಲು ಕೇಳಿದ ಮಾತು "ಎಲ್ಲಿಗೆ? ಯಾರು ನೀವು?" ಅನ್ನುವುದು. ಆ ಮಾತು ಕೇಳಿದ ಮೇಲೆ ಒಳಗೆ ಎಂಥ ಚಿತ್ರ ಇದ್ದರೂ ಮಕ್ಕಳು ಗೋಡೆಗೆ ಅಂಟಿಕೊಂಡೇ ನಡೆಯುತ್ತಾರೆ.

ಶೌಚಾಲಯ, ಕುಡಿಯುವ ನೀರು, ಬುತ್ತಿ ಬಿಚ್ಚಲು ಒಂದು ಕಟ್ಟೆ, ಬಸ್ಸು ನಿಲ್ಲಿಸಲು ಜಾಗ. ಇವನ್ನು ನಕ್ಷೆಯಲ್ಲಿ ಕೊನೆಗೆ ಸೇರಿಸಬೇಡಿ, ಮೊದಲು ಬರೆಯಿರಿ. ಮೇಷ್ಟ್ರುಗಳು ಒಂದು ಜಾಗಕ್ಕೆ ಎರಡನೇ ಸಲ ಮಕ್ಕಳನ್ನು ಕರೆತರುತ್ತಾರೋ ಇಲ್ಲವೋ ಅನ್ನುವುದು ಅಲ್ಲಿಯ ಚಿತ್ರಗಳಿಗಿಂತ ಇವುಗಳ ಮೇಲೇ ಜಾಸ್ತಿ ನಿಂತಿದೆ.

ಎಂಜಿನಿಯರುಗಳನ್ನು ನೋಡಿಕೊಂಡು ಬರಲು ಕಳಿಸುವಾಗ ಅವರ ಮನೆಯ ಮಕ್ಕಳನ್ನೂ, ಸಾಧ್ಯವಾದರೆ ಒಬ್ಬ ಅಜ್ಜಿಯನ್ನೂ ಜೊತೆಗೆ ಕಳಿಸಿ. ಅಜ್ಜಿ ಎಲ್ಲಿ ಕೂತರು, ಮಕ್ಕಳು ಎಲ್ಲಿ ಆಕಳಿಸಿದರು ಅಂತ ಬರೆದುಕೊಳ್ಳಲಿ. ಅಳತೆಗೆ ಟೇಪು ತರಲಿ. ಸೋಮವಾರ ಮಾತ್ರ ಕಳಿಸಬೇಡಿ, ಅವತ್ತು ಎರಡೂ ಕಡೆ ರಜೆ.

ಇಂತಿ ನಿಮ್ಮ ವಿಶ್ವಾಸಿ,
ದಾವಣಗೆರೆ ಜಿಲ್ಲೆಯ ಒಬ್ಬ ಚಿತ್ರಕಲಾ ಶಿಕ್ಷಕ